ಚದುರಂಗದ ಕಥೆ ಇನ್ನೂ ಮುಗಿದಿಲ್ಲ

ಚದುರಂಗದ ಮಣೆಯ ಮೇಲೆ ರಾಜನ ಪಕ್ಕದಲ್ಲಿ ನಿಲ್ಲುವ ಕಾಯಿಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ? ಅಜ್ಜನ ಜೊತೆ ಆಡಲು ಕೂತರೆ ಅದು ‘ಮಂತ್ರಿ’. ಚೆಸ್ ಕ್ಲಾಸಿಗೆ ಹೋದರೆ ಅದೇ ಕಾಯಿ ‘ಕ್ವೀನ್’, ಅಂದರೆ ರಾಣಿ. ಮೂಲೆಯಲ್ಲಿರುವುದು ಮನೆಯಲ್ಲಿ ‘ಆನೆ’, ಕ್ಲಾಸಿನಲ್ಲಿ ‘ರೂಕ್’. ನಮ್ಮ ‘ಒಂಟೆ’ ಅಲ್ಲಿ ‘ಬಿಷಪ್’ ಆಗಿಬಿಡುತ್ತದೆ. ಬಿಷಪ್ ಅಂದರೆ ಕ್ರೈಸ್ತ ಧರ್ಮಗುರು.

ನಾನು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುವವನು. ಶನಿವಾರ ಮಧ್ಯಾಹ್ನ ಬಡಾವಣೆಯ ಮಕ್ಕಳಿಗೆ ಚದುರಂಗ ಹೇಳಿಕೊಡುತ್ತೇನೆ. ‘ಸರ್, ಮಂತ್ರಿ ಸರಿಯೋ ಕ್ವೀನ್ ಸರಿಯೋ?’ ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. 2024ರ ಡಿಸೆಂಬರಿನಲ್ಲಿ 18 ವರ್ಷದ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿತು: ‘ಈ ಆಟ ನಮ್ಮದೇ ಅಲ್ವಾ ಸರ್?’

ಎರಡಕ್ಕೂ ಸರಿಯಾದ ಉತ್ತರ ಕೊಡಬೇಕೆಂದು ಚದುರಂಗದ ಇತಿಹಾಸ ಕುರಿತ ಪುಸ್ತಕಗಳನ್ನು ಓದತೊಡಗಿದೆ. ಓದುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಈ ಇತಿಹಾಸವನ್ನು ಯಾರೂ ಬರೆದು ಮುಗಿಸಿಲ್ಲ. ಈಗಲೂ ಹೊಸ ಪುಟಗಳು ಸೇರುತ್ತಿವೆ. ಅವುಗಳಲ್ಲಿ ಒಂದು ಪುಟವಂತೂ ನಮ್ಮ ಕರ್ನಾಟಕದಲ್ಲೇ ಬರೆದದ್ದು.

ಐದು ಸಾವಿರ ವರ್ಷವೇ?

‘ಚದುರಂಗಕ್ಕೆ ಐದು ಸಾವಿರ ವರ್ಷದ ಇತಿಹಾಸ’ ಎಂಬ ಮಾತನ್ನು ನೀವೂ ಕೇಳಿರಬಹುದು. ರಾವಣನ ಹೆಂಡತಿ ಮಂಡೋದರಿ ಗಂಡನ ಮನರಂಜನೆಗೆಂದು ಇದನ್ನು ಕಂಡುಹಿಡಿದಳೆಂಬ ಕಥೆಯೂ ಇದೆ. ಐದು ಸಾವಿರದ ಲೆಕ್ಕವನ್ನು ಪ್ರಚಾರಕ್ಕೆ ತಂದವರಲ್ಲಿ ಮುಖ್ಯರು ಸ್ಕಾಟ್ಲೆಂಡಿನ ವಿದ್ವಾಂಸ ಡಂಕನ್ ಫೋರ್ಬ್ಸ್. 1860ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ಪುರಾಣದ್ದೆಂದು ಹೇಳಲಾದ ಒಂದು ಸಂಸ್ಕೃತ ಪಠ್ಯವನ್ನು ನಂಬಿ ಈ ಲೆಕ್ಕ ಹಾಕಿದ್ದರು. ಆ ಪಠ್ಯ ಅಷ್ಟು ಹಳೆಯದೇನಲ್ಲ ಎಂದು ಕೆಲವೇ ವರ್ಷಗಳಲ್ಲಿ ಬೇರೆ ವಿದ್ವಾಂಸರು ತೋರಿಸಿಕೊಟ್ಟರು.

ಹಾಗಾದರೆ ಗಟ್ಟಿ ಆಧಾರ ಎಲ್ಲಿಂದ ಶುರುವಾಗುತ್ತದೆ? ಏಳನೆಯ ಶತಮಾನದಿಂದ. ಹರ್ಷವರ್ಧನನ ಆಸ್ಥಾನ ಕವಿ ಬಾಣಭಟ್ಟ ‘ಹರ್ಷಚರಿತ’ದಲ್ಲಿ ರಾಜ್ಯದ ಶಾಂತಿಯನ್ನು ಹೊಗಳುತ್ತಾ ಒಂದು ಶ್ಲೇಷೆ ಮಾಡುತ್ತಾನೆ. ಚತುರಂಗದ ವ್ಯೂಹ ಕಾಣುವುದು ಅಷ್ಟಾಪದದ ಮೇಲೆ ಮಾತ್ರ ಎಂಬುದು ಅದರ ಭಾವ. ರಥ, ಆನೆ, ಕುದುರೆ, ಕಾಲಾಳು ಸೇರಿದ ಸೈನ್ಯಕ್ಕೆ ಚತುರಂಗ ಬಲ ಎಂದು ಹೆಸರು. ಅಷ್ಟಾಪದ ಎಂದರೆ ಎಂಟೆಂಟು ಮನೆಗಳ ಮಣೆ. ಅಂದರೆ ಯುದ್ಧವೇನಿದ್ದರೂ ಆಟದ ಮಣೆಯ ಮೇಲೆ ಮಾತ್ರ! ಈ ತಮಾಷೆ ಓದುಗರಿಗೆ ತಿಳಿಯಬೇಕಾದರೆ ಆಟವೂ ಅವರಿಗೆ ಪರಿಚಿತವಾಗಿರಲೇಬೇಕಲ್ಲವೇ?

ಜರ್ಮನಿಯ ಭಾರತಶಾಸ್ತ್ರಜ್ಞೆ ರೆನಾಟೆ ಸೈಯದ್ 2001ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಆರನೆಯ ಶತಮಾನದಲ್ಲಿ ಕನೌಜಿನ ಮೌಖರಿ ಅರಸರ ಆಸ್ಥಾನದಲ್ಲಿ ಈ ಆಟ ಹುಟ್ಟಿತು ಎಂಬುದು ಅವರ ವಾದ. ಭಾರತದ ರಾಜನೊಬ್ಬ ಪರ್ಷಿಯಾದ ದೊರೆ ಖುಸ್ರೋಗೆ ಒಂದು ಆಟ ಕಳಿಸಿ, ಇದನ್ನು ಹೇಗೆ ಆಡುವುದೆಂದು ಬಿಡಿಸಿ ಹೇಳಿ ಎಂದು ಸವಾಲು ಹಾಕಿದ ಕಥೆ ಹಳೆಯ ಪರ್ಷಿಯನ್ ಗ್ರಂಥದಲ್ಲಿದೆ. ಅದರಲ್ಲಿ 16 ಪಚ್ಚೆಯ ಕಾಯಿಗಳು, 16 ಕೆಂಪು ಮಾಣಿಕ್ಯದ ಕಾಯಿಗಳು. ಲೆಕ್ಕ ಮಾತ್ರ ನಮ್ಮ ಇವತ್ತಿನ 32ಕ್ಕೆ ಸರಿಹೊಂದುತ್ತದೆ!

ಒಂದು ಮಾತನ್ನು ಮುಚ್ಚಿಡಬಾರದು. ಎಲ್ಲರೂ ಒಪ್ಪುವಂಥ ಅತಿ ಹಳೆಯ ಚದುರಂಗದ ಕಾಯಿಗಳು ಸಿಕ್ಕಿರುವುದು ಭಾರತದಲ್ಲಲ್ಲ. ಉಜ್ಬೇಕಿಸ್ತಾನದ ಸಮರ್‌ಕಂದ್ ಪಕ್ಕದ ಅಫ್ರಾಸಿಯಾಬ್ ಎಂಬಲ್ಲಿ 1977ರಲ್ಲಿ ದಂತದ ಏಳು ಕಾಯಿಗಳು ದೊರೆತವು. ಅವಕ್ಕೆ ಸುಮಾರು 1,300 ವರ್ಷ. ನಮ್ಮ ಪಾಲಿಗಿರುವ ದೊಡ್ಡ ಸಾಕ್ಷಿ ಮಣ್ಣಿನಡಿಯ ವಸ್ತುವಲ್ಲ, ಮಾತು. ಸಂಸ್ಕೃತದ ‘ಚತುರಂಗ’ ಪರ್ಷಿಯಾದಲ್ಲಿ ‘ಚತ್ರಂಗ್’ ಆಯಿತು, ಅರಬರ ಬಾಯಲ್ಲಿ ‘ಶತ್ರಂಜ್’ ಆಯಿತು. ರಾಜನಿಗೆ ಪರ್ಷಿಯನ್ನರು ‘ಶಾಹ್’ ಎನ್ನುತ್ತಿದ್ದರು. ಅದೇ ಯುರೋಪಿಗೆ ಹೋಗಿ ‘ಚೆಕ್’ ಮತ್ತು ‘ಚೆಸ್’ ಆಯಿತು. ನೀವು ‘ಚೆಕ್‌ಮೇಟ್’ ಎಂದಾಗ ಹೇಳುತ್ತಿರುವುದು ಹಳೆಯ ‘ಶಾಹ್ ಮಾತ್’. ರಾಜ ದಿಕ್ಕೆಟ್ಟ ಎಂದರ್ಥ.

ಐದು ಸಾವಿರ ಹೋಗಿ ಒಂದೂವರೆ ಸಾವಿರವಾಯಿತಲ್ಲ ಎಂದು ನನ್ನ ವಿದ್ಯಾರ್ಥಿಯೊಬ್ಬ ಮುಖ ಸಣ್ಣದು ಮಾಡಿದ. ಗಣಿತದಲ್ಲಿ ಸಾಧಿಸಿ ತೋರಿಸಿದ ಸಣ್ಣ ಸಂಖ್ಯೆಗೆ ಇರುವ ಬೆಲೆ ಊಹಿಸಿದ ದೊಡ್ಡ ಸಂಖ್ಯೆಗೆ ಇಲ್ಲ ಎಂದೆ. ಇತಿಹಾಸದಲ್ಲೂ ಅಷ್ಟೇ.

ಮಂತ್ರಿ ರಾಣಿಯಾದ ಬಗೆ

ಪರ್ಷಿಯಾ, ಅರೇಬಿಯಾಗಳಲ್ಲಿ ರಾಜನ ಪಕ್ಕದಲ್ಲಿದ್ದವನು ಮಂತ್ರಿಯೇ. ಅವನಿಗೆ ‘ಫರ್ಜೀನ್’ ಎಂಬ ಹೆಸರು. ಪಾಪ, ತುಂಬ ದುರ್ಬಲ ಕಾಯಿ! ಓರೆಯಾಗಿ ಒಂದೇ ಮನೆ ನಡೆಯಬಹುದಿತ್ತು. ಆಟ ಯುರೋಪಿಗೆ ಹೋದ ಮೇಲೆ ಅವನ ಜಾಗಕ್ಕೆ ರಾಣಿ ಬಂದಳು. ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಮಠದಲ್ಲಿರುವ ಸುಮಾರು ಸಾವಿರ ವರ್ಷ ಹಳೆಯ ಲ್ಯಾಟಿನ್ ಪದ್ಯದಲ್ಲಿ ಆ ಕಾಯಿಯನ್ನು ಮೊದಲ ಬಾರಿಗೆ ರಾಣಿ ಎಂದು ಕರೆಯಲಾಗಿದೆ. ಹೆಸರು ಬದಲಾದರೂ ನಡೆ ಮಾತ್ರ ಹಳೆಯದೇ ಇತ್ತು.

ಹದಿನೈದನೆಯ ಶತಮಾನದ ಕೊನೆಯಲ್ಲಿ ಸ್ಪೇನಿನಲ್ಲಿ ಎಲ್ಲವೂ ಬದಲಾಯಿತು. ರಾಣಿ ಎಂಟು ದಿಕ್ಕಿಗೂ ಎಷ್ಟು ಮನೆಯಾದರೂ ಸಾಗುವ ಶಕ್ತಿ ಪಡೆದಳು. ಅಮೆರಿಕದ ವಿದ್ವಾಂಸೆ ಮೆರಿಲಿನ್ ಯಾಲೊಮ್ 2004ರಲ್ಲಿ ಇದೊಂದರ ಮೇಲೆಯೇ ಇಡೀ ಪುಸ್ತಕ ಬರೆದರು. ಆ ಕಾಲದಲ್ಲಿ ಸ್ಪೇನಿನ ಕ್ಯಾಸ್ಟೀಲ್ ರಾಜ್ಯವನ್ನು ಆಳುತ್ತಿದ್ದವಳು ಇಸಾಬೆಲ್ಲಾ ಎಂಬ ಪ್ರಬಲ ರಾಣಿ. ಅರಮನೆಯ ರಾಣಿಯರ ಶಕ್ತಿಯೇ ಮಣೆಯ ರಾಣಿಗೂ ಬಂತು ಎನ್ನುತ್ತಾರೆ ಯಾಲೊಮ್. ಎಲ್ಲ ಇತಿಹಾಸಕಾರರೂ ಇದನ್ನು ಒಪ್ಪುವುದಿಲ್ಲ. ಆದರೆ ಓದಲು ಬಲು ಸೊಗಸಾದ ಪುಸ್ತಕ.

ಹಾಗಾಗಿ ‘ಮಂತ್ರಿ’ಯೂ ಸರಿ, ‘ಕ್ವೀನ್’ ಕೂಡ ಸರಿ. ನಾವು ಹಳೆಯ ಹೆಸರು ಉಳಿಸಿಕೊಂಡು ಹೊಸ ನಡೆ ಕಲಿತಿದ್ದೇವೆ, ಅಷ್ಟೇ. ನಮ್ಮಲ್ಲಿ ಮೂಲೆ ಸೇರಿದ ಆನೆಯೂ ಹೊರದೇಶದಲ್ಲಿ ಬೇರೆ ಜಾಗದಲ್ಲಿದೆ. ನಾವು ಒಂಟೆ ಎನ್ನುವ ಕಾಯಿಗೆ ರಷ್ಯನ್ನರು ಇಂದಿಗೂ ಆನೆ ಎನ್ನುತ್ತಾರೆ. ಸ್ಪ್ಯಾನಿಷಿನಲ್ಲಿ ಅದು ‘ಅಲ್ಫಿಲ್’. ಅರಬಿಯ ‘ಅಲ್ ಫಿಲ್’, ಅಂದರೆ ಆನೆ ಎಂಬುದೇ ಅದರ ಮೂಲ.

ಡ್ರಾಯರ್‌ನಲ್ಲಿದ್ದ ಕಾವಲುಗಾರ

ಹೊಸ ಶೋಧನೆ ಎಂದರೆ ಯಾವಾಗಲೂ ಭೂಮಿ ಅಗೆಯಬೇಕೆಂದೇನಿಲ್ಲ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1831ರಲ್ಲಿ ಚದುರಂಗದ ಕಾಯಿಗಳ ದೊಡ್ಡ ರಾಶಿಯೇ ಸಿಕ್ಕಿತ್ತು. ವಾಲ್ರಸ್ ಎಂಬ ಕಡಲಪ್ರಾಣಿಯ ದಂತದಲ್ಲಿ ಸುಮಾರು 800 ವರ್ಷಗಳ ಹಿಂದೆ ಕೆತ್ತಿದವು ಅವು. ಕೆನ್ನೆಗೆ ಕೈ ಕೊಟ್ಟು ಚಿಂತಿಸುವ ರಾಣಿಯರು, ಆವೇಶದಲ್ಲಿ ತಮ್ಮ ಗುರಾಣಿಯನ್ನೇ ಕಚ್ಚುವ ಕಾವಲುಗಾರರು ಅದರಲ್ಲಿದ್ದಾರೆ. ಹೆಚ್ಚಿನವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಆದರೆ ಒಂದು ಕುದುರೆ ಸವಾರ, ನಾಲ್ಕು ಕಾವಲುಗಾರರು ಮಾತ್ರ ಸಿಕ್ಕಿರಲಿಲ್ಲ.

1964ರಲ್ಲಿ ಎಡಿನ್‌ಬರೋದ ಹಳೆ ವಸ್ತುಗಳ ವ್ಯಾಪಾರಿಯೊಬ್ಬರು ದಂತದ ಸಣ್ಣ ಬೊಂಬೆಯೊಂದನ್ನು 5 ಪೌಂಡಿಗೆ ಕೊಂಡರು. ಅದೇನೆಂದು ಅವರಿಗೆ ಗೊತ್ತಿರಲಿಲ್ಲ. ಬೊಂಬೆ ಮಗಳಿಗೆ ಬಂತು, ಅವರ ಮನೆಯ ಡ್ರಾಯರಿನಲ್ಲಿ ಕೂತಿತು. ಕೊನೆಗೊಮ್ಮೆ ಮನೆಯವರು ತಜ್ಞರಿಗೆ ತೋರಿಸಿದಾಗ ಅದು ಕಳೆದುಹೋಗಿದ್ದ ಕಾವಲುಗಾರರಲ್ಲಿ ಒಬ್ಬನೆಂದು ತಿಳಿಯಿತು. 2019ರ ಜುಲೈನಲ್ಲಿ ಅದು 7,35,000 ಪೌಂಡಿಗೆ ಹರಾಜಾಯಿತು!

ಅದೇ 2019ರಲ್ಲಿ ಕೆನಡಾದ ಪುರಾತತ್ವಜ್ಞ ಜಾನ್ ಓಲ್ಸನ್, ಜೋರ್ಡನ್ನಿನ ಹುಮೈಮಾದಲ್ಲಿ 1991ರಲ್ಲೇ ಸಿಕ್ಕಿದ್ದ ಎರಡು ಕೊಂಬಿನ ಆಕಾರದ ಮರಳುಗಲ್ಲಿನ ತುಣುಕು ಚದುರಂಗದ ರೂಕ್ ಇರಬೇಕೆಂದು ವಾದಿಸಿದರು. ಅದಕ್ಕೂ ಸುಮಾರು 1,300 ವರ್ಷ. ಕೈಗೆ ಸಿಕ್ಕಿ 28 ವರ್ಷಗಳಾದ ಮೇಲೆ ಅದರ ಗುರುತು ಹತ್ತಿತು.

ಕಲ್ಯಾಣದ ಪುಟಗಳು

ಈಗ ನಮ್ಮ ಮನೆಯ ಡ್ರಾಯರಿಗೆ ಬರೋಣ. ಚದುರಂಗದ ಇತಿಹಾಸಕ್ಕೆ ಹೆಬ್ಬಾಗಿಲಿನಂಥ ಪುಸ್ತಕ ಹೆಚ್.ಜೆ.ಆರ್. ಮರ್ರೆ ಅವರದ್ದು. 1913ರಲ್ಲಿ ಬಂದ ಇದಕ್ಕೆ ಸುಮಾರು 900 ಪುಟಗಳಿವೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆಯ ಮಗ ಅವರು, ವೃತ್ತಿಯಲ್ಲಿ ಶಾಲಾ ಇನ್‌ಸ್ಪೆಕ್ಟರ್. ಹಳೆಯ ಹಸ್ತಪ್ರತಿ ಓದಲೆಂದೇ ಅರಬಿ ಕಲಿತರು. ಆಟ ಭಾರತದ್ದೇ ಎಂದು ಆಧಾರ ಜೋಡಿಸಿ ಹೇಳಿದರು. ಇಷ್ಟೆಲ್ಲ ಮಾಡಿದ ಮರ್ರೆಯ ಕಣ್ಣಿಗೂ ಬೀಳದ ಒಂದು ಪಠ್ಯವಿತ್ತು.

ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಅಂದು ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ರಚಿಸಿದ. ರಾಜನೀತಿ, ಅಡುಗೆ, ಸಂಗೀತ, ಚಿತ್ರಕಲೆ, ಆನೆ ಕುದುರೆಗಳ ಆರೈಕೆ ಎಲ್ಲವೂ ಇರುವ ವಿಶ್ವಕೋಶ ಅದು. ಇಡ್ಲಿ, ದೋಸೆಯ ಇತಿಹಾಸ ಹೇಳುವಾಗಲೆಲ್ಲ ಈ ಗ್ರಂಥದ ಹೆಸರು ಬಂದೇ ಬರುತ್ತದೆ. ಇದರ ಐದನೆಯ ಭಾಗ ಪೂರ್ತಿ ಆಟಗಳಿಗೇ ಮೀಸಲು. ಅಲ್ಲಿ ಚದುರಂಗದ ಬಗ್ಗೆ ಅರವತ್ತಕ್ಕೂ ಹೆಚ್ಚು ಶ್ಲೋಕಗಳಿವೆ.

ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಮಾನಸೋಲ್ಲಾಸ ಮೂರು ಸಂಪುಟಗಳಾಗಿ ಅಚ್ಚಾಯಿತು. ಮೊದಲನೆಯದು 1925ರಲ್ಲಿ, ಕೊನೆಯದು 1961ರಲ್ಲಿ. ಮರ್ರೆಯ ಕೈಗೆ ಅದು ಸಿಗದಿದ್ದುದು ಸಹಜ. ಅಚ್ಚಾದ ಮೇಲೂ ಚದುರಂಗದ ಇತಿಹಾಸಕಾರರು ಅದನ್ನು ನೋಡಲಿಲ್ಲ. 1996ರಲ್ಲಿ ಜರ್ಮನಿಯ ಆಂಡ್ರಿಯಾಸ್ ಬಾಕ್-ರಾಮಿಂಗ್ ಆ ಶ್ಲೋಕಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ, ವಿವರಣೆ ಬರೆದು ಪ್ರಕಟಿಸಿದರು. ಈವರೆಗೆ ಯಾರ ಗಮನಕ್ಕೂ ಬಾರದ ಪಠ್ಯ ಎಂದು ಲೇಖನದ ಶೀರ್ಷಿಕೆಯಲ್ಲೇ ಹೇಳಿದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ. ಕಲ್ಯಾಣದ ಅರಸನ ಚದುರಂಗವನ್ನು ಓದಲು ನಾನು ಜರ್ಮನಿಯ ವಿದ್ವಾಂಸರ ದಾರಿ ಹಿಡಿಯಬೇಕಾಯಿತು.

ಮೈಸೂರಿನ ಕಥೆ ಸ್ವಲ್ಪ ಸಮಾಧಾನ ಕೊಡುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟಗಳೆಂದರೆ ಪ್ರಾಣ. ಕುದುರೆ ಕಾಯಿ ಒಂದು ಮನೆಗೆ ಒಂದೇ ಸಲ ಕಾಲಿಟ್ಟು 64 ಮನೆಗಳನ್ನೂ ಸುತ್ತಿ ಬರುವ ಸಮಸ್ಯೆಗಳನ್ನು ಅವರು ರಚಿಸಿದರು. ಅವರು ಮೆಚ್ಚಿದ ಆಟಗಳನ್ನು ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಇಂದಿಗೂ ಕಾಣಬಹುದು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಇಂಥ ಹಳೆಯ ಆಟಗಳನ್ನು ಹುಡುಕಿ, ಹೊಸದಾಗಿ ಮಾಡಿಸಿ ಪ್ರದರ್ಶಿಸುತ್ತಾ ಬಂದಿದೆ.

ನಿಮ್ಮ ಮನೆಯ ಪುಟ

ಅರಸರು ಬರೆಸಿದ್ದು ಹೇಗೋ ಉಳಿಯಿತು. ಜಗುಲಿಯ ಮೇಲೆ ಆಡಿದ್ದು? ಹಿಂದಿನವರ ಚದುರಂಗಕ್ಕೆ ಬೇರೆಯೇ ನಿಯಮಗಳಿದ್ದವು. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ರಾಜ ಆಟದಲ್ಲಿ ಒಮ್ಮೆ ಮಾತ್ರ ಕುದುರೆಯಂತೆ ಹಾರಬಹುದು, ಅದೂ ಚೆಕ್ ಬೀಳುವ ಮೊದಲು. ಕಾಲಾಳು ಕೊನೆಯ ಸಾಲು ಮುಟ್ಟಿದರೆ ಆ ಸಾಲಿಗೆ ಸೇರಿದ ಕಾಯಿಯಾಗುತ್ತದೆ. ಬೇಕಾದ ಕಾಯಿ ಪಡೆಯುವಂತಿಲ್ಲ. ಊರಿನಿಂದ ಊರಿಗೆ ಇವು ಬದಲಾಗುತ್ತಿದ್ದವು.

ನನ್ನ ಸೋದರಮಾವನಿಗೆ ಈಗ 81. ಇಂದಿಗೂ ಹಳೆಯ ಕ್ರಮದಲ್ಲೇ ಆಡುತ್ತಾರೆ. ಕಳೆದ ದೀಪಾವಳಿಗೆ ಅವರ ಎದುರು ಕೂತು ಒಂದೊಂದೇ ನಿಯಮ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ‘ಇದನ್ನೂ ಬರೀತಾರೇನೋ? ಎಲ್ಲರಿಗೂ ಗೊತ್ತಿರೋದೇ ಅಲ್ವಾ!’ ಎಂದು ನಕ್ಕರು. ಎಲ್ಲರಿಗೂ ಗೊತ್ತಿದ್ದ ಕಾಲ ಮುಗಿಯುತ್ತಾ ಬಂದಿದೆ ಮಾವ ಎಂದೆ. ಮೊಬೈಲ್ ಆ್ಯಪಿಗೆ ಗೊತ್ತಿರುವುದು ಅಂತಾರಾಷ್ಟ್ರೀಯ ನಿಯಮ ಮಾತ್ರ.

ನಿಮ್ಮ ಮನೆಯಲ್ಲೂ ಅಂಥ ಅಜ್ಜನೋ ಅಜ್ಜಿಯೋ ದೊಡ್ಡಪ್ಪನೋ ಇದ್ದರೆ ಈ ಭಾನುವಾರ ಮಣೆ ಹಾಕಿ ಕೂರಿಸಿ. ಯಾವ ಕಾಯಿಗೆ ಏನು ಹೆಸರು, ಯಾರಿಂದ ಕಲಿತರು, ಯಾವ ಊರಿನ ಕ್ರಮ, ಗೆದ್ದಾಗ ಏನೆಂದು ಕೂಗುತ್ತಿದ್ದರು ಎಲ್ಲ ಕೇಳಿ. ದಿನಾಂಕ ಹಾಕಿ ಬರೆದಿಡಿ.

ಆಡಿ ನೋಡಿ: ಸಾವಿರ ವರ್ಷದ ಹಿಂದಿನ ಆಟ

ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯಲಿ. ಒಂಟೆಯನ್ನು ಹಳೆಯ ‘ಅಲ್ ಫಿಲ್’ ಎಂದುಕೊಳ್ಳಿ. ಅದು ಓರೆಯಾಗಿ ಸರಿಯಾಗಿ ಎರಡನೆಯ ಮನೆಗೆ ಹಾರುತ್ತದೆ, ನಡುವೆ ಕಾಯಿ ಇದ್ದರೂ ಅಡ್ಡಿಯಿಲ್ಲ. ಕಾಲಾಳಿಗೆ ಒಂದೇ ಹೆಜ್ಜೆ, ಕೊನೆ ಮುಟ್ಟಿದರೆ ಮಂತ್ರಿ ಮಾತ್ರ ಆಗುತ್ತದೆ. ಕೋಟೆ ಕಟ್ಟುವಂತಿಲ್ಲ. ಎದುರಾಳಿಯ ರಾಜನನ್ನು ಒಂಟಿ ಮಾಡಿದರೂ ನೀವೇ ಗೆದ್ದಂತೆ.

ಒಂದು ಲೆಕ್ಕ: ಈ ಹಾರುವ ಆನೆ ತಾನು ನಿಂತ ಮನೆಯೂ ಸೇರಿ ಮಣೆಯ ಎಷ್ಟು ಮನೆ ಮುಟ್ಟಬಲ್ಲದು? ಉತ್ತರ 8. ಎರಡೂ ಕಡೆಯ ನಾಲ್ಕು ಆನೆಗಳಿಗೂ ಎಂಟೆಂಟು ಬೇರೆ ಬೇರೆ ಮನೆ. ಹಾಗಾಗಿ ಒಂದು ಆನೆ ಇನ್ನೊಂದನ್ನು ಎಂದೂ ಹೊಡೆಯಲಾರದು. ಕಾಗದದ ಮೇಲೆ ಗುರುತು ಹಾಕಿ, ನೀವೇ ಪರೀಕ್ಷಿಸಿ.