ತಲೆಬರಹ ಮುಚ್ಚಿಡುವ ಮಾತು

“ಮೈಸೂರಿನಲ್ಲಿ ರಾತ್ರಿ ನಡೆದದ್ದೇನು? ತಿಳಿದರೆ ಬೆಚ್ಚಿಬೀಳುತ್ತೀರಿ!” ಮೊಬೈಲಿನಲ್ಲಿ ಇಂಥ ಸಾಲು ಕಂಡರೆ ಬೆರಳು ತಾನಾಗಿ ಅದರ ಮೇಲೆ ಹೋಗುತ್ತದೆ. ಹೀಗೇಕೆ?

ಅಮೆರಿಕದ ವಿದ್ವಾಂಸ ಜಾರ್ಜ್ ಲೋವೆನ್‌ಸ್ಟೀನ್ 1994ರಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು. ನಮಗೆ ತಿಳಿದಿರುವುದಕ್ಕೂ ತಿಳಿಯಬೇಕೆನಿಸುವುದಕ್ಕೂ ನಡುವೆ ತೆರಪು ಕಂಡಾಗ ಕುತೂಹಲ ಹುಟ್ಟುತ್ತದೆ; ಅದು ತುಂಬುವವರೆಗೆ ಮನಸ್ಸಿಗೆ ಸಮಾಧಾನವಿಲ್ಲ. ಅಂತರಜಾಲದ ಅನೇಕ ಸುದ್ದಿತಾಣಗಳ ಆದಾಯ ಜಾಹೀರಾತಿನದು. ಪುಟವನ್ನು ಹೆಚ್ಚು ಜನ ತೆರೆದಷ್ಟೂ ಹಣ ಹೆಚ್ಚು. ಆದ್ದರಿಂದಲೇ ಕೆಲವರು ಮುಖ್ಯ ಸಂಗತಿಯನ್ನು ತಲೆಬರಹದಿಂದ ಬೇಕೆಂದೇ ಬಿಟ್ಟುಬಿಡುತ್ತಾರೆ. ಇದಕ್ಕೆ ‘ಕ್ಲಿಕ್‌ಬೇಟ್’ ಎಂದು ಹೆಸರು. ಗಾಳಕ್ಕೆ ಸಿಕ್ಕಿಸಿದ ಹುಳುವಿನಂತೆ.

ಒಂದು ನಿಜ ಘಟನೆಯನ್ನು ನೋಡೋಣ. ಜಾಲತಾಣದಲ್ಲಿ ಹಾಕಿದ್ದ ಅವಹೇಳನಕಾರಿ ಚಿತ್ರವೊಂದರಿಂದ ಕೆರಳಿದ ಜನ 2025ರ ಫೆಬ್ರವರಿ 10ರ ರಾತ್ರಿ ಮೈಸೂರಿನ ಉದಯಗಿರಿ ಪೊಲೀಸ್ ಠಾಣೆಯ ಮುಂದೆ ಸೇರಿದರು. ಆರೋಪಿಯನ್ನು ಪೊಲೀಸರು ಅದಾಗಲೇ ವಶಕ್ಕೆ ಪಡೆದಿದ್ದರು. ಕಲ್ಲುತೂರಾಟ ನಡೆಯಿತು, ಪೊಲೀಸರು ಲಾಠಿ ಬೀಸಿ, ಅಶ್ರುವಾಯು ಸಿಡಿಸಿ ಗುಂಪನ್ನು ಚದುರಿಸಿದರು.

ಇದಕ್ಕೆ “ಉದಯಗಿರಿ ಠಾಣೆಗೆ ಕಲ್ಲು, ಗುಂಪು ಚದುರಿಸಿದ ಪೊಲೀಸರು” ಎಂದು ತಲೆಬರಹ ಕೊಟ್ಟರೆ ಸ್ಥಳವೂ ತಿಳಿಯಿತು, ಘಟನೆಯ ಅಳತೆಯೂ ತಿಳಿಯಿತು. “ಹೊತ್ತಿ ಉರಿದ ಮೈಸೂರು!” ಎಂದು ಕೊಟ್ಟರೆಂದು ಊಹಿಸಿ. ಒಂದು ಠಾಣೆಯ ಮುಂದಿನ ಗಲಭೆ ಇಡೀ ಊರಿನದಾಯಿತು. ಪರದೇಶದಲ್ಲಿರುವ ಮಗ ಗಾಬರಿಯಿಂದ ಅಮ್ಮನಿಗೆ ಫೋನು ಮಾಡುತ್ತಾನೆ. ಪಕ್ಕದ ಬಡಾವಣೆಯವರು ಉದಯಗಿರಿಯವರನ್ನೆಲ್ಲ ಅನುಮಾನದಿಂದ ನೋಡುತ್ತಾರೆ. ಒಳಗಿನ ವರದಿ ಸರಿಯಾಗಿಯೇ ಇದ್ದರೂ ತಲೆಬರಹವನ್ನಷ್ಟೇ ಓದಿ ಇತರರಿಗೆ ಕಳುಹಿಸಿದವರಿಗೆ ಅದು ತಲುಪುವುದೇ ಇಲ್ಲ.

ತಲೆಬರಹ ಕೆರಳಿಸುವಂತಿರಬಾರದು, ಕೆಳಗಿನ ವರದಿ ಅದನ್ನು ಸಮರ್ಥಿಸುವಂತಿರಬೇಕು ಎಂದು ಪತ್ರಿಕೆಗಳಿಗಾಗಿ ಭಾರತೀಯ ಪತ್ರಿಕಾ ಮಂಡಳಿ ರೂಪಿಸಿರುವ ನಡಾವಳಿ ಹೇಳುತ್ತದೆ. ಓದುಗರ ಕೈಗೂ ಇದು ಒಳ್ಳೆಯ ಅಳತೆಗೋಲು.

ಇನ್ನು ಮುಂದೆ ಅಂಥ ಸಾಲು ಕಂಡಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಎಲ್ಲಿ ನಡೆಯಿತು? ಯಾವ ದಿನ? ಎಷ್ಟು ದೊಡ್ಡದು? ಹೇಳಿದವರು ಯಾರು? ಚಿತ್ರವಿದ್ದರೆ ಅದು ಆ ದಿನದ್ದೇ ಎಂಬುದನ್ನೂ ನೋಡಿ. ಉತ್ತರ ವರದಿಯೊಳಗೆ ಸಿಗದಿದ್ದರೆ ಆ ಸುದ್ದಿಯನ್ನು ನಿಮ್ಮಲ್ಲಿಯೇ ನಿಲ್ಲಿಸಿ. ಮುಂದಕ್ಕೆ ಕಳುಹಿಸದ ಒಂದು ಸಾಲು ಒಂದು ಬಡಾವಣೆಯ ನೆಮ್ಮದಿಯನ್ನು ಉಳಿಸಬಹುದು.