ಕೌದಿಯ ಅಂಚೂ ತೇಪೆಯ ಅಲಂಕಾರವೂ

ಸನ್ನತಿಯು ಭೀಮಾನದಿಯ ದಡದಲ್ಲಿರುವ, ಚಂದ್ರಲಾಂಬಾ ದೇವಿಯ ಕ್ಷೇತ್ರವೆಂದು ಪ್ರಸಿದ್ಧವಾದ ಗ್ರಾಮವು. ಸುತ್ತಲಿನ ಚಿತ್ತಾಪುರ, ಸೇಡಂ ಸೀಮೆಯ ಕರಿಯ ಭೂಮಿಯಲ್ಲಿ ತೊಗರಿ, ಬಿಳಿಜೋಳಗಳ ರಾಶಿಯು ಮುಗಿದ ತರುವಾಯ ಮೃಗಶಿರಾ ಮಳೆಯವರೆಗೆ ಖುಷ್ಕಿ ಹೊಲಗಳಲ್ಲಿ ಕೆಲಸವು ವಿರಳ. ಈ ಬಿಡುವಿನಲ್ಲಿ ಹಳೆಯ ಸೀರೆ, ಧೋತರ, ಕುಬಸಗಳನ್ನು ಪದರಿಟ್ಟು ಕೌದಿ ಹೊಲಿಯುವುದು ರೈತಸ್ತ್ರೀಯರ ಹಿಂದಿನಿಂದ ಬಂದ ರೂಢಿಯು. ತಾಂಡಾಗಳ ಲಂಬಾಣಿ ಸ್ತ್ರೀಯರಂತೂ ಬಣ್ಣದ ತುಂಡು, ಕನ್ನಡಿ, ಕವಡೆಗಳನ್ನು ಕೂಡಿಸುವುದರಲ್ಲಿ ನಿಪುಣರು.

ಕೌದಿಯು ಮೊದಲು ಸವೆಯುವುದು ಅಂಚಿನಲ್ಲಿ. ಅಂಚು ಬಿಚ್ಚಿದರೆ ಪದರುಗಳು ಸರಿದು ಬಹುದಿನದ ಶ್ರಮವು ವ್ಯರ್ಥವಾಗುವುದು. 2020ರ ಅಕ್ಟೋಬರದಲ್ಲಿ ಭೀಮೆಯ ಮಹಾಪೂರವು ದಡದ ಗ್ರಾಮಗಳಿಗೆ ನುಗ್ಗಿದಂಥ ಕಾಲದಲ್ಲಿ, ನೆನೆದು ಭಾರವಾದ ಕೌದಿಯನ್ನು ಎತ್ತಿ ಹಿಂಡುವಾಗ ಹರಿಯುವುದು ದುರ್ಬಲವಾದ ಅಂಚೇ. ಆದುದರಿಂದ ಅಂಚಿಗೂ ತೇಪೆಗೂ ಹೊಲಿಗೆ ಯಂತ್ರವನ್ನು ಉಪಯೋಗಿಸುವುದು ಹಿತಕರ. ನೇರ ಹೊಲಿಗೆಯ ಸಾಧಾರಣ ಕಾಲುಯಂತ್ರವೇ ಸಾಕು. ನಡುಭಾಗವನ್ನು ಮಾತ್ರ ಕೈಯಿಂದಲೇ ಹೊಲಿಯತಕ್ಕದ್ದು. ಅಷ್ಟು ಪದರುಗಳನ್ನು ಯಂತ್ರಕ್ಕೆ ಕೊಟ್ಟರೆ ಕೆಳಗಿನ ಬಟ್ಟೆಯು ಮುಂದೆ ಸರಿದು ಮೇಲಿನದು ಸುಕ್ಕುಗಟ್ಟುವುದು.

ತೇಪೆಯನ್ನು ಪದರು ಜೋಡಿಸುವುದಕ್ಕೆ ಮುಂಚೆಯೇ ಮೇಲ್ಬಟ್ಟೆಯ ಮೇಲೆ ಕೂಡಿಸಬೇಕು. ಹೊಸ ಬಟ್ಟೆಯಾದರೆ ಮೊದಲು ನೆನೆಸಿ ಒಣಗಿಸಬೇಕು. ಇಲ್ಲವಾದರೆ ತರುವಾಯ ಅದು ಕುಗ್ಗಿ, ಬಣ್ಣವೂ ಹತ್ತುವುದು. ಕಾಗದದ ಮಾದರಿಗಿಂತ ಸುತ್ತಲೂ ಕಾಲು ಅಂಗುಲ ಹೆಚ್ಚಾಗಿ ಕತ್ತರಿಸಿ, ಅಷ್ಟನ್ನು ಒಳಗೆ ಮಡಿಸಿ, ಕಚ್ಚಾ ಹೊಲಿಗೆ ಹಾಕಿ, ಮಡಿಕೆಯ ಅಂಚಿಗೆ ತಾಗಿದಂತೆ ಯಂತ್ರವನ್ನು ನಡೆಸಬೇಕು. ಮೂಲೆಯಲ್ಲಿ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ನಿಲ್ಲಿಸಿ, ಒತ್ತುಪಾದವನ್ನೆತ್ತಿ ಬಟ್ಟೆಯನ್ನು ತಿರುಗಿಸತಕ್ಕದ್ದು. ಸಮೀಪದ ಕನಗನಹಳ್ಳಿಯ ಬೌದ್ಧಸ್ತೂಪದ ಶಿಲೆಗಳಲ್ಲಿರುವ ಕಮಲದಂಥ ಸರಳ ಆಕೃತಿಯು ಇದಕ್ಕೆ ಒಪ್ಪುವುದು.

ಅಂಚುಪಟ್ಟಿಯು ಎರಡೂವರೆ ಅಂಗುಲ ಅಗಲವಿರಲಿ. ಚೌಕ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಿಸಿ, ಆ ಗೆರೆಗೆ ಸಮನಾಗಿ ಓರೆಯಲ್ಲಿ ಕತ್ತರಿಸಬೇಕು. ಓರೆಪಟ್ಟಿಯು ಮೂಲೆಯಲ್ಲಿ ಸುಲಭವಾಗಿ ತಿರುಗುವುದು. ಸವೆತವು ಒಂದೇ ಎಳೆಯ ಮೇಲೆ ಬೀಳದೆ ಅನೇಕ ಎಳೆಗಳಿಗೆ ಹಂಚಿಹೋಗುವುದು. ಕೌದಿಯ ಅಂಚನ್ನು ಕಚ್ಚಾ ಹೊಲಿಗೆಯಿಂದ ಬಂಧಿಸಿ, ಪಟ್ಟಿಯನ್ನು ಮುಖದ ಮೇಲೆ ಬೋರಲಿಟ್ಟು ಅರ್ಧ ಅಂಗುಲ ಒಳಗೆ ಹೊಲಿದು, ಹಿಂದಕ್ಕೆ ಹೊರಳಿಸಿ ಮಡಿಸಿ ಮತ್ತೆ ಹೊಲಿಯಬೇಕು. ದಪ್ಪಕ್ಕೆ 18ನೆಯ ಸೂಜಿಯೂ ಉದ್ದನೆಯ ಟಾಕೆಯೂ ಯೋಗ್ಯ. ಬಟ್ಟೆಯನ್ನು ಎಳೆಯಬಾರದು, ಎಳೆದರೆ ಸೂಜಿಯು ಬಾಗಿ ಮುರಿಯುವುದು.

ಯಂತ್ರಕ್ಕಾಗಿ ಸಾಲ ಮಾಡುವುದಕ್ಕೆ ಮುಂಚೆ, ದರ್ಜಿಯಿಂದ ಅಂಚು ಹಾಕಿಸಿ ಒಂದೆರಡು ಕೌದಿಗಳನ್ನು ಮಾರಿ ನೋಡುವುದು ಲೇಸು. ಬಟ್ಟೆ, ನೂಲು, ಅಂಚಿನ ಕೂಲಿಗಳೊಡನೆ ತಮ್ಮ ಕೈಹೊಲಿಗೆಯ ದಿನಗಳಿಗೂ ಕೂಲಿಯನ್ನು ಹಿಡಿದೇ ಬೆಲೆಯನ್ನು ನಿಶ್ಚಯಿಸಬೇಕು. ಆ ಲೆಕ್ಕವನ್ನು ಬಿಟ್ಟರೆ ಲಾಭವೆಂದು ಕಂಡದ್ದು ನಿಜವಾಗಿ ನಷ್ಟವೇ ಆಗಿರುವುದು. ಲೆಕ್ಕವು ಸರಿಹೊಂದಿದಲ್ಲಿ ನಾಲ್ಕಾರು ಸ್ತ್ರೀಯರು ಕೂಡಿ ಒಂದು ಯಂತ್ರವನ್ನು ಕೊಳ್ಳುವುದು ಉಚಿತವು.