ಹಂಡೆಯ ನೀರಿಗಿಳಿದ ಸಂಶೋಧನೆ

ಮಳೆಗಾಲ ಹಿಡಿದ ಮೇಲೆ ಊರಿಗೆ ಫೋನ್ ಮಾಡಿದರೆ ಕ್ಷೇಮಸಮಾಚಾರದ ಜೊತೆಗೆ ಪ್ಲೇಟ್‌ಲೆಟ್ ಲೆಕ್ಕವೂ ಸೇರಿಕೊಳ್ಳುತ್ತದೆ. ಪಕ್ಕದ ಮನೆಯ ಅಜ್ಜನಿಗೆ ಎಷ್ಟಿದೆಯಂತೆ, ಅಕ್ಕನ ಮಗಳಿಗೆ ಎಷ್ಟಕ್ಕೆ ಇಳಿಯಿತಂತೆ ಎಂದು. 2024ರಲ್ಲಂತೂ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಎಂದೇ ಘೋಷಿಸಬೇಕಾಯಿತು. ಹೊಟ್ಟೆಪಾಡಿಗೆ ವಿಯೆಟ್ನಾಂನ ಹೋ ಚಿ ಮಿನ್ಹ್ ನಗರಕ್ಕೆ ಬಂದಿರುವ ನಮಗೆ ಇಲ್ಲೂ ಅದೇ ಸೊಳ್ಳೆ, ಅದೇ ಭಯ. ಕಚೇರಿಯಲ್ಲಿ ಯಾರಾದರೂ ವಾರಪೂರ್ತಿ ರಜೆ ಹಾಕಿದರೆ ಕಾರಣ ಕೇಳಬೇಕಾಗಿಯೇ ಇಲ್ಲ.

ನಾವು ಲೆಕ್ಕಪತ್ರ ನೋಡುವವರು, ವಿಜ್ಞಾನಿಗಳಲ್ಲ. ಆದರೆ ಯಾವ ಕೆಲಸವಾದರೂ ನಮ್ಮ ಕಣ್ಣು ಮೊದಲು ಹೋಗುವುದು ಖರ್ಚಿನ ಕಲಂಗೆ. ಈ ದೇಶದ ವಿದ್ವಾಂಸರು ಮಾಡಿದ ಕೆಲವು ಸಂಶೋಧನೆಗಳು ನಮ್ಮ ಗಮನ ಸೆಳೆದದ್ದೂ ಆ ಕಾರಣಕ್ಕೇ. ಯುದ್ಧದಲ್ಲಿ ಬೆಂದು, ಬಡತನದಲ್ಲಿ ನರಳಿದ ದೇಶ ಇದು. ದುಬಾರಿ ಯಂತ್ರ, ದುಬಾರಿ ಔಷಧಿ ಎಂದು ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಕೈಯಲ್ಲಿ ಇದ್ದದ್ದರಲ್ಲೇ ದಾರಿ ಹುಡುಕಿದರು.

ಡೆಂಗಿಯ ವಿಷಯವನ್ನೇ ತೆಗೆದುಕೊಳ್ಳಿ. ಡಾ. ವು ಸಿನ್ಹ್ ನಾಮ್ ಹನೋಯ್‌ನ ಕೀಟವಿಜ್ಞಾನಿ. ನೀರಿನ ತೊಟ್ಟಿಗಳಲ್ಲಿ ಮೆಸೊಸೈಕ್ಲಾಪ್ಸ್ ಎಂಬ ಪುಟ್ಟ ಜೀವಿ ಇರುತ್ತದೆ. ಸಿಗಡಿಯ ದೂರದ ಸಂಬಂಧಿ, ಉದ್ದ ಒಂದೆರಡು ಮಿಲಿಮೀಟರ್, ಒಂದೇ ಕಣ್ಣು. ಆಗತಾನೇ ಮೊಟ್ಟೆಯೊಡೆದ ಸೊಳ್ಳೆ ಮರಿಗಳೆಂದರೆ ಇದಕ್ಕೆ ಹಬ್ಬದೂಟ. 1993ರಲ್ಲಿ ನಾಮ್ ಮತ್ತು ಅವರ ತಂಡದವರು ಆಸ್ಟ್ರೇಲಿಯಾ ಹಾಗೂ ಅಮೆರಿಕದ ಸಹೋದ್ಯೋಗಿಗಳ ಜೊತೆಗೂಡಿ, ಉತ್ತರ ವಿಯೆಟ್ನಾಂನ ಫಾನ್‌ಬೊಯ್ ಎಂಬ ಹಳ್ಳಿಯ ನಾನೂರು ಮನೆಗಳ ಬಾವಿ, ಸಿಮೆಂಟ್ ತೊಟ್ಟಿ, ಮಣ್ಣಿನ ಹಂಡೆಗಳಿಗೆ ಈ ಜೀವಿಗಳನ್ನು ಬಿಟ್ಟರು. ಬಿಟ್ಟವು ತಾವೇ ಮರಿ ಹಾಕಿ ಹೆಚ್ಚಿದವು. ಮರುವರ್ಷದ ಆಗಸ್ಟ್ ಹೊತ್ತಿಗೆ ಆ ಹಳ್ಳಿಯಲ್ಲಿ ಹುಡುಕಿದರೂ ಈಡಿಸ್ ಈಜಿಪ್ಟೈ ಸೊಳ್ಳೆ ಸಿಗಲಿಲ್ಲ.

ಬರೀ ಜೀವಿಯನ್ನು ಬಿಟ್ಟು ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ. ದೊಡ್ಡ ತೊಟ್ಟಿಗಳಲ್ಲಿ ಈ ಜೀವಿ ಬದುಕುತ್ತದೆ; ಬಿಸಾಡಿದ ಟಯರು, ಡಬ್ಬಿ, ತೆಂಗಿನ ಚಿಪ್ಪಿನಲ್ಲಿ ಬದುಕುವುದಿಲ್ಲ, ಸೊಳ್ಳೆ ಮಾತ್ರ ಅಲ್ಲೂ ಮೊಟ್ಟೆ ಇಡುತ್ತದೆ. ಹಾಗಾಗಿ ಪ್ರತಿ ಹಳ್ಳಿಯಲ್ಲೂ ಆರೋಗ್ಯ ಸ್ವಯಂಸೇವಕರನ್ನು ನೇಮಿಸಿ, ಮನೆಮನೆಗೆ ಕಳಿಸಿ ತೊಟ್ಟಿ ನೋಡಿಸಿದರು. ಶಾಲೆಯ ಮಕ್ಕಳು ಗುಜರಿ ಸಾಮಾನು ಆರಿಸಿದರು. ಯಾವ ಪಾತ್ರೆಯಲ್ಲಿ ಅತಿ ಹೆಚ್ಚು ಸೊಳ್ಳೆ ಹುಟ್ಟುತ್ತಿದೆ ಎಂದು ಮೊದಲು ಎಣಿಸಿ, ಅದಕ್ಕೇ ಮೊದಲು ಕೈಹಾಕಿದರು. ಎಲ್ಲೆಡೆ ಹೊಗೆ ಹೊಡೆದು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ ಎಂಬುದು ನಮ್ಮ ಅಭಿಪ್ರಾಯ. ಆಡಿಟ್‌ನಲ್ಲೂ ನಾವು ಮಾಡುವುದು ಇದನ್ನೇ: ಹಣ ಎಲ್ಲಿ ಸೋರುತ್ತಿದೆ ನೋಡಿ ಅಲ್ಲಿಗೆ ಮೊದಲು ಹೋಗುತ್ತೇವೆ.

ಈ ಕೆಲಸದ ವರದಿ 2005ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸೊಳ್ಳೆ ಹತೋಟಿಗೆ ಬಂದ 37 ಕಮ್ಯೂನ್‌ಗಳ ಪೈಕಿ 32ರಲ್ಲಿ ಈ ಜಾತಿಯ ಸೊಳ್ಳೆ ಪೂರ್ತಿ ಮಾಯವಾಗಿತ್ತು. ಅಲ್ಲಿನ ಜನಸಂಖ್ಯೆ ಮೂರು ಲಕ್ಷಕ್ಕೂ ಹೆಚ್ಚು. ಕಮ್ಯೂನ್ ಎಂದರೆ ನಮ್ಮ ಗ್ರಾಮ ಪಂಚಾಯಿತಿಯಂಥದ್ದು. 2002ರಿಂದ ಅಲ್ಲಿ ಒಂದೂ ಡೆಂಗಿ ಪ್ರಕರಣ ವರದಿಯಾಗಿರಲಿಲ್ಲ.

ಹಾಗಾದರೆ ವಿಯೆಟ್ನಾಂನಲ್ಲಿ ಡೆಂಗಿ ಹೋಗಿಯೇಬಿಟ್ಟಿತೇ ಎಂದರೆ, ಇಲ್ಲ. 2022ರಲ್ಲಿ ದೇಶದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಪ್ರಕರಣ ದಾಖಲಾದವು. ಈ ವಿಧಾನ ಫಲ ಕೊಟ್ಟದ್ದು ದೊಡ್ಡ ತೊಟ್ಟಿಗಳಲ್ಲಿ ನೀರು ಹಿಡಿದಿಡುವ, ಒಬ್ಬರನ್ನೊಬ್ಬರು ಬಲ್ಲ ಹಳ್ಳಿಗಳಲ್ಲಿ. ನಾವಿರುವಂಥ ನಗರದಲ್ಲಿ ಕಟ್ಟಡ ಕಟ್ಟುವ ಜಾಗ, ಬಾಲ್ಕನಿಯ ಹೂಕುಂಡ, ತಿಂಗಳಿಗೊಮ್ಮೆ ಬದಲಾಗುವ ಬಾಡಿಗೆದಾರರು. ಯಾರ ಮನೆಯ ತೊಟ್ಟಿಯನ್ನು ಯಾರು ನೋಡಬೇಕು? ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಬಾವಿ ಕೆರೆಗಳಿಗೆ ಗ್ಯಾಂಬೂಸಿಯಾ, ಗಪ್ಪಿ ಮೀನು ಬಿಡುವುದನ್ನು ಓದುಗರು ನೋಡಿರಬಹುದು. ಅದರ ಹಿಂದಿರುವುದೂ ಇದೇ ತತ್ವ. ಆದರೆ ಸೈಕ್ಲಾಪ್ಸ್ ಎಂದರೆ ಉತ್ತರ ಕರ್ನಾಟಕದ ಹಿರಿಯರಿಗೆ ಬೇರೆಯೇ ನೆನಪು ಬಂದೀತು. ನಾರುಹುಣ್ಣಿನ ಹುಳು ಮನುಷ್ಯನ ಹೊಟ್ಟೆ ಸೇರುತ್ತಿದ್ದದ್ದು ಇದೇ ಜಾತಿಯ ಜೀವಿಗಳ ಮೂಲಕ, ಮೆಟ್ಟಿಲು ಬಾವಿಯ ನೀರು ಕುಡಿದವರಿಗೆ. ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಹಳ್ಳಿ ಹಳ್ಳಿಗಳಲ್ಲಿ ಸಾರಿದ್ದು ಇದಕ್ಕೇ. ಭಾರತ ನಾರುಹುಣ್ಣು ಮುಕ್ತವೆಂದು 2000ದಲ್ಲಿ ಪ್ರಮಾಣಪತ್ರ ಪಡೆಯಿತು. ವಿಯೆಟ್ನಾಂಗೆ ಆ ರೋಗದ ಕಾಟ ಇರಲಿಲ್ಲ. ಒಂದು ದೇಶದಲ್ಲಿ ಶತ್ರುವಾಗಿದ್ದದ್ದು ಇನ್ನೊಂದು ದೇಶದಲ್ಲಿ ಕಾವಲುಗಾರನಾಯಿತು. ಇದನ್ನು ಓದಿ ಯಾರೂ ತಾವಾಗಿಯೇ ಸಂಪಿಗೆ ಏನನ್ನಾದರೂ ತಂದು ಬಿಡಬೇಡಿ. ಅದು ಬಲ್ಲವರು ಮಾಡುವ ಕೆಲಸ. ಸಂಪಿನ ಮುಚ್ಚಳ ಸರಿಯಾಗಿ ಮುಚ್ಚಿದರೆ, ಡ್ರಮ್ಮನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿದರೆ ಅಷ್ಟೇ ಸಾಕು. ಅಮ್ಮನಿಗೆ ಫೋನಿನಲ್ಲಿ ನಾವು ಹೇಳುವುದೂ ಇಷ್ಟೇ.

ಭತ್ತದ ಕಥೆ ಇನ್ನೂ ಹಳೆಯದು. ವೋ ತೊಂಗ್ ಸುವಾನ್ ಮೆಕಾಂಗ್ ನದೀಮುಖಜ ಪ್ರದೇಶದವರು. ಫಿಲಿಪ್ಪೀನ್ಸ್‌ನಲ್ಲಿ ಕೃಷಿ ಓದಿ, ಅಲ್ಲಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ದುಡಿದು, 1971ರಲ್ಲಿ ಕಾನ್ ಥೋ ವಿಶ್ವವಿದ್ಯಾಲಯಕ್ಕೆ ಮರಳಿದರು. ಇನ್ನೂ ಯುದ್ಧ ನಡೆಯುತ್ತಿದ್ದ ಕಾಲ. ಹೊರಗೇ ಉಳಿಯಬಹುದಿತ್ತು, ಉಳಿಯಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಮೆಕಾಂಗ್ ಬಯಲಿಗೆ ಕಂದು ಜಿಗಿಹುಳು ಮುತ್ತಿತು. ಗಂಗಾವತಿ, ಸಿಂಧನೂರು ಕಡೆಯ ರೈತರಿಗೆ ಈ ಹುಳುವಿನ ಪರಿಚಯ ಚೆನ್ನಾಗಿಯೇ ಇದೆ. ಹಸಿರು ಗದ್ದೆ ಕೆಲವೇ ದಿನಗಳಲ್ಲಿ ಸುಟ್ಟಂತಾಗುತ್ತದೆ.

ಆ ಹುಳುವನ್ನು ತಡೆದುಕೊಳ್ಳುವ ಐಆರ್-36 ತಳಿಯ ಬೀಜ ಸುವಾನ್ ಅವರಿಗೆ ಫಿಲಿಪ್ಪೀನ್ಸ್‌ನಿಂದ ಬಂತು. ಬಂದದ್ದು ಲಕೋಟೆಯಲ್ಲಿ, ಗ್ರಾಂ ಲೆಕ್ಕದಲ್ಲಿ. ಲಕ್ಷಾಂತರ ಹೆಕ್ಟೇರಿಗೆ ಅದನ್ನು ಮುಟ್ಟಿಸುವುದು ಹೇಗೆ? ಒಂದು ಗುಣಿಗೆ ಒಂದೇ ಸಸಿ ನೆಟ್ಟು ಬೀಜವನ್ನು ಹೆಚ್ಚಿಸಿದರು. ಅಷ್ಟಾದ ಮೇಲೆ ಮಾಡಿದ್ದು ನಮಗೆ ಎಲ್ಲಕ್ಕಿಂತ ಹಿಡಿಸಿದ ಕೆಲಸ: ವಿಶ್ವವಿದ್ಯಾಲಯವನ್ನು ಎರಡು ತಿಂಗಳು ಮುಚ್ಚಿಸಿಬಿಟ್ಟರು. ಸಸಿಮಡಿ ಮಾಡುವುದು, ಗದ್ದೆ ಹದ ಮಾಡುವುದು, ಒಂಟಿ ಸಸಿ ನಾಟಿ ಮಾಡುವುದು, ಈ ಮೂರು ಪಾಠ ಹೇಳಿಕೊಟ್ಟು, ಒಬ್ಬೊಬ್ಬ ವಿದ್ಯಾರ್ಥಿಯ ಕೈಗೆ ಒಂದೊಂದು ಕಿಲೋ ಬೀಜ ಕೊಟ್ಟು ಹಳ್ಳಿಗಳಿಗೆ ಅಟ್ಟಿದರು. ಕೆಲವೇ ಬೆಳೆಗಳಲ್ಲಿ ತಳಿ ಬಯಲಿಡೀ ಹರಡಿತು. ಮಕ್ಕಳ ಸೆಮಿಸ್ಟರ್ ಒಂದು ವಾರ ತಡವಾದರೂ ಕಾಲೇಜಿಗೆ ಫೋನ್ ಮಾಡುವ ನಮ್ಮಂಥ ಪೋಷಕರು ಆಗ ಏನೆನ್ನುತ್ತಿದ್ದರೋ.

ಐಆರ್-36 ತಳಿಯನ್ನು ರೂಪಿಸಿದವರು ಪಂಜಾಬಿನಲ್ಲಿ ಹುಟ್ಟಿದ ಗುರುದೇವ್ ಸಿಂಗ್ ಖುಷ್. 2023ರ ವಿನ್‌ಫ್ಯೂಚರ್ ಪ್ರಶಸ್ತಿಯ ಒಂದು ವಿಭಾಗವನ್ನು ಖುಷ್ ಮತ್ತು ಸುವಾನ್ ಇಬ್ಬರಿಗೂ ಹಂಚಿಕೊಟ್ಟರು. ಸುವಾನ್ ಅವರಿಗೆ 1993ರಲ್ಲೇ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತ್ತು. 2024ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಅದೇ ಮೆಕಾಂಗ್ ಬಯಲಿನ ಸೋಕ್ ಚಾಂಗ್‌ನಲ್ಲಿ ಹೊ ಕ್ವಾಂಗ್ ಕುವಾ ಎಂಬ ಕೃಷಿ ಎಂಜಿನಿಯರ್ ಮತ್ತವರ ಗೆಳೆಯರು ವರ್ಷಾನುಗಟ್ಟಲೆ ದುಡಿದು ಎಸ್‌ಟಿ-25 ಎಂಬ ಪರಿಮಳದ ಅಕ್ಕಿ ತಂದರು. 2019ರಲ್ಲಿ ಮನಿಲಾದಲ್ಲಿ ಅದಕ್ಕೆ ಜಗತ್ತಿನ ಅತ್ಯುತ್ತಮ ಅಕ್ಕಿ ಎಂಬ ಮನ್ನಣೆ ಸಿಕ್ಕಿತು. ಅನ್ನಕ್ಕೆ ಸೊಗಸು, ಆದರೆ ಸ್ವಲ್ಪ ಅಂಟು, ನಮ್ಮ ಚಿತ್ರಾನ್ನಕ್ಕೆ ಹೊಂದುವುದಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ತೋನ್ ಥಾಟ್ ತುಂಗ್ ಅವರದು ದೊಡ್ಡ ಹೆಸರು. ಫ್ರೆಂಚರ ಕಾಲದ ಹನೋಯ್‌ನಲ್ಲಿ ಕಲಿಯುತ್ತಿದ್ದಾಗಲೇ ಇನ್ನೂರಕ್ಕೂ ಹೆಚ್ಚು ಯಕೃತ್ತುಗಳನ್ನು ಬಿಡಿಸಿ ನೋಡಿ, ಅದರೊಳಗಿನ ರಕ್ತನಾಳಗಳ ನಕ್ಷೆ ಬರೆದರು. ರಕ್ತಸ್ರಾವಕ್ಕೆ ಹೆದರಿ ಯಕೃತ್ತಿಗೆ ಕತ್ತರಿ ಹಾಕಲು ವೈದ್ಯರು ಹಿಂಜರಿಯುತ್ತಿದ್ದ ಆ ಕಾಲದಲ್ಲಿ, ನಾಳಗಳನ್ನು ಗುರುತಿಸಿ ಕಟ್ಟಿ ರೋಗ ತಗುಲಿದ ಭಾಗವನ್ನು ಬೇಗ ತೆಗೆಯುವ ಅವರ ವಿಧಾನ 1963ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಗಣಿತಜ್ಞ ಹೊಆಂಗ್ ತುಯಿ ಅರವತ್ತರ ದಶಕದಲ್ಲಿ ಸಾಗಾಟದ ಲೆಕ್ಕಾಚಾರಕ್ಕೆ ಗಣಿತವನ್ನು ಬಳಸಲು ಹೊರಟವರು. ಲಾರಿಗಳು ಖಾಲಿ ಓಡುವುದನ್ನು ತಪ್ಪಿಸುವುದು ಹೇಗೆ ಎಂಬಂಥ ಪ್ರಶ್ನೆಗಳು. 1964ರಲ್ಲಿ ಅವರು ಕಂಡುಕೊಂಡ ಒಂದು ಉಪಾಯಕ್ಕೆ ‘ತುಯಿ ಕಟ್’ ಎಂದೇ ಹೆಸರು. ಗಣಿತದ ಒಂದು ಶಾಖೆಯೇ ಅದರಿಂದ ಚಿಗುರಿತು.

ಕೊನೆಗೆ ಕಾಲರಾ ಲಸಿಕೆ. ಇದರ ಜಮಾ ಖರ್ಚಿನಲ್ಲಿ ನಮ್ಮ ದೇಶದ ಹೆಸರೂ ಇದೆ. ಎಂಬತ್ತರ ದಶಕದಲ್ಲಿ ಹನೋಯ್‌ನ ಡಾಂಗ್ ಡಕ್ ತ್ರಾಕ್ ಮತ್ತು ಸಂಗಡಿಗರು ಸ್ವೀಡನ್ನಿನ ವಿಜ್ಞಾನಿಗಳಿಂದ ತಂತ್ರಜ್ಞಾನ ಪಡೆದು, ಬಾಯಿಗೆ ಹಾಕುವ ಕಾಲರಾ ಲಸಿಕೆಯನ್ನು ಇಲ್ಲೇ ಅಗ್ಗವಾಗಿ ತಯಾರಿಸುವ ದಾರಿ ಕಂಡುಕೊಂಡರು. ಹುಯೆ ನಗರದಲ್ಲಿ 1992-93ರಲ್ಲಿ ನಡೆದ ಪರೀಕ್ಷೆಯಲ್ಲಿ ಅದು ಶೇ 66ರಷ್ಟು ರಕ್ಷಣೆ ಕೊಟ್ಟಿತು. ಡೋಸ್ ಒಂದರ ಖರ್ಚು ಸುಮಾರು ಹತ್ತು ಅಮೆರಿಕನ್ ಸೆಂಟ್. ಮುಂದೆ ದೇಶದೊಳಗೆ ಒಂದು ಕೋಟಿಗೂ ಹೆಚ್ಚು ಡೋಸ್ ಹಾಕಿದರು.

ಆದರೂ ಲಸಿಕೆ ಗಡಿ ದಾಟಲಿಲ್ಲ. ವಿಯೆಟ್ನಾಂನ ಔಷಧ ನಿಯಂತ್ರಣ ವ್ಯವಸ್ಥೆಗೆ ಆಗ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಇರಲಿಲ್ಲ. ಲೆಕ್ಕ ಸರಿಯಿದ್ದರೂ ಆಡಿಟರ್ ಸಹಿ ಬೀಳದ ಪುಸ್ತಕದಂತೆ ಅದು ಇಲ್ಲೇ ಉಳಿಯಿತು. ದಕ್ಷಿಣ ಕೊರಿಯಾದ ಅಂತರರಾಷ್ಟ್ರೀಯ ಲಸಿಕಾ ಸಂಸ್ಥೆ ಮುಂದೆ ಬಂದು, ಲಸಿಕೆಯನ್ನು ಇನ್ನಷ್ಟು ತಿದ್ದಿ ತಂತ್ರಜ್ಞಾನವನ್ನು ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್‌ಗೆ ಒಪ್ಪಿಸಿತು. ಕೋಲ್ಕತ್ತಾದ ಕೊಳೆಗೇರಿಗಳಲ್ಲಿ ಸುಮಾರು 67 ಸಾವಿರ ಜನರ ಮೇಲೆ ಪರೀಕ್ಷೆ ನಡೆಯಿತು. ಐದು ವರ್ಷ ನೋಡಿದರೂ ರಕ್ಷಣೆ ಶೇ 65ರಷ್ಟು ಉಳಿದಿತ್ತು. 2009ರಲ್ಲಿ ‘ಶಾಂಕಾಲ್’ ಎಂಬ ಹೆಸರಿನಲ್ಲಿ ಭಾರತದಲ್ಲಿ ಪರವಾನಗಿ, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ. ಭೂಕಂಪದ ಬೆನ್ನಿಗೇ ಕಾಲರಾ ಬಂದೆರಗಿದ ಹೈಟಿಯಲ್ಲಿ 2012ರಲ್ಲಿ ಜನರ ಬಾಯಿಗೆ ಹಾಕಿದ್ದು ಹನೋಯ್‌ನಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ತಯಾರಾದ ಈ ಲಸಿಕೆಯನ್ನೇ.